ವಿಭೂತಿ ಹಚ್ಚಿದ ಎಂಟು ಡಿಸ್ಕು

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು ಎಷ್ಟೊತ್ತಿಗೆ ಅಂತ ಒಬ್ಬರನ್ನು ಕೇಳಿ, ಅವರು ಹೇಳಿದ ಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಅದನ್ನೇ ಇನ್ನೊಬ್ಬರನ್ನು ಕೇಳುವ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದರೆ, ಅವರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರೇ ಇರಬೇಕು. ಮೊದಲು ಉತ್ತರ ಹೇಳಿದವನ ಎದುರಿಗೇ ಕೇಳುತ್ತಿದ್ದರು. ಆತ ಮುಖ ಸಿಂಡರಿಸಿದರೆ ಇವರಿಗೆ ಅದರ ಪರಿವೆಯೇ ಇಲ್ಲ. ಇಬ್ಬರ ಮಾತೂ ಒಂದೇ ಆದರೆ ತಲೆಯಾಡಿಸಿ ಬೆಂಚಿನ ಮೇಲೆ ಕೂಡುತ್ತಿದ್ದರು. ಬೇರೆ ಬೇರೆ ಆದರೆ ಮೂರನೆಯವರನ್ನು ಹುಡುಕಿಕೊಂಡು ಹೊರಡುತ್ತಿದ್ದರು.

ನನಗೂ ಹೀಗೇ ಮಾಡಿದರು. ಬಾಡಿಗೆಗೆ ಬಂದ ಹೊಸತರಲ್ಲಿ, "ಟೀಚರ್ರ, ಈ ಕೋಣಿ ಮಳಿಗಾಲದಾಗ ಸೋರತೈತೇನ್ರಿ?" ಅಂದರು. "ಇಲ್ರಿ" ಅಂದೆ. ಸಂಜೆ ನೋಡಿದರೆ ಅಂಗಳದಲ್ಲಿ ನಮ್ಮ ಮನೆಯವರನ್ನು ನಿಲ್ಲಿಸಿಕೊಂಡು ಅದೇ ಪ್ರಶ್ನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ನನ್ನ ಉತ್ತರವನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡುವುದೆಂದರೇನು? ಸಿಟ್ಟು ನೆತ್ತಿಗೇರಿತು. "ಯಾಕ್ರಿ, ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?" ಅಂತ ಅಲ್ಲೇ ಕೇಳಿಬಿಟ್ಟೆ. ಅವರು ಒಂದಿಷ್ಟೂ ಗಲಿಬಿಲಿಯಾಗದೆ, "ಐತ್ರಿ. ಅದಕ್ಕ ಮೊದಲು ನಿಮ್ಮನ್ನ ಕೇಳಿದೆ" ಅಂದರು.

ಓಣಿಯವರು ಅವರನ್ನು ಸಿಸ್ಟಂ ಸರ್ ಅನ್ನುತ್ತಿದ್ದರು. ಸಂಡೂರಿನ ಒಂದು ಗಣಿ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದವರು. ಗಣಿ ಬಂದಾಯಿತು, ಆಫೀಸಿಗೆ ಬೀಗ ಬಿತ್ತು, ಅಲ್ಲಿದ್ದ ಮೇಜು ಕುರ್ಚಿ ಕಂಪ್ಯೂಟರು ಎಲ್ಲವೂ ಗುಜರಿಗೆ ಹೊರಟವು. ಇವರು ಎರಡು ಸರ್ವರ್ ಪೆಟ್ಟಿಗೆಗಳನ್ನು ಮಾತ್ರ ಕೇಳಿ ಪಡೆದು, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಸೀದಾ ನಮ್ಮ ಮನೆಗೆ ಬಂದರು. ಹೆಂಡತಿ ತೀರಿಕೊಂಡು ಭಾಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೋಣೆ ನೋಡುವಾಗ ಅಡಿಗೆ ಎಲ್ಲಿ ಮಾಡಿಕೊಳ್ಳಬೇಕು ಅಂತಲೂ ಕೇಳಲಿಲ್ಲ. ಕರೆಂಟಿನ ಅರ್ಥಿಂಗ್ ಸರಿ ಇದೆಯೇ, ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಇವೆರಡೇ ಅವರ ಚಿಂತೆ.

ಪೆಟ್ಟಿಗೆಯ ಮುಚ್ಚಳ ತೆಗೆದ ದಿನ ನಾನು ಅಲ್ಲೇ ಇದ್ದೆ. ಒಳಗೆಲ್ಲ ಸಂಡೂರಿನ ಕೆಂಪು ದೂಳು. ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕಾಗದದ ಮೇಲೆ ಗುಡ್ಡೆ ಹಾಕಿದರು. "ನೋಡ್ರಿ, ಆಫೀಸು ಮುಚ್ಚಿದ್ರೂ ಇದರಾಗ ಇನ್ನಾ ಗಣಿ ನಡದೈತಿ" ಅಂದರು. ಆ ದೂಳನ್ನು ಚೆಲ್ಲಲಿಲ್ಲ. ಉಪ್ಪಿನಕಾಯಿ ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟರು. ಯಾಕೆ ಅಂದರೆ "ಸುಮ್ನ" ಅಂದರು.

ಸ್ವಿಚ್ ಹಾಕಿದಾಗ ಅಕ್ಕಿ ಗಿರಣಿ ಶುರುವಾದಂತೆ ಸದ್ದು. ನಮ್ಮ ಮನೆಯವರಿಗೆ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಧ್ಯಾಹ್ನದ ನಿದ್ದೆಯೇ ಒಂದು ನೌಕರಿಯಾಗಿತ್ತು. ಮೊದಲ ವಾರ ಆ ಗದ್ದಲಕ್ಕೆ ಗೊಣಗಿದರು. ತಿಂಗಳಾದ ಮೇಲೆ, ಕರೆಂಟು ಹೋಗಿ ಸರ್ವರ್ ನಿಂತರೆ ಎಚ್ಚರಾಗಿ ಎದ್ದು ಕೂಡುವಂತಾಯಿತು.

ಗಿರಣಿಯ ಮಾತು ಸುಮ್ಮನೆ ಹೇಳಲಿಲ್ಲ. ಕಂಪ್ಲಿಯಲ್ಲಿ ಅವರ ಅಣ್ಣನದು ಅಕ್ಕಿ ಗಿರಣಿ. ಇವರು ಬೆಳೆದದ್ದೇ ಅದರ ಹೊಟ್ಟಿನ ರಾಶಿಯ ಮೇಲೆ. ಬೇರಿಂಗ್ ಸರಿ ಇದೆಯೋ ಇಲ್ಲವೋ ನೋಡಲು ಸ್ಕ್ರೂಡ್ರೈವರ್ ತುದಿಯನ್ನು ಯಂತ್ರಕ್ಕೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಗಿರಣಿಯವರ ರೂಢಿ. ಇವರು ಸರ್ವರಿಗೂ ಹಾಗೇ ಮಾಡುತ್ತಿದ್ದರು. ಬೇರೆಯವರು ಅಂಗಿ ಜೇಬಿನಲ್ಲಿ ಪೆನ್ನು ಇಟ್ಟರೆ ಇವರದು ಸ್ಕ್ರೂಡ್ರೈವರ್. ಬೆಳಿಗ್ಗೆ ಸ್ನಾನವಾಗಿ ಹಣೆಗೆ ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ, ಆ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತರೆಂದರೆ ಜಪಕ್ಕೆ ಕೂತಿದ್ದಾರೆ ಅನ್ನಬೇಕು. "ನಾಕನೇ ಫ್ಯಾನು ಕೆಮ್ಮಾಕ ಹತ್ತೈತ್ರಿ, ಇನ್ನೆಂಟು ದಿನ" ಅನ್ನುತ್ತಿದ್ದರು. ಎಂಟು ದಿನ ಅಲ್ಲದಿದ್ದರೆ ಹತ್ತು ದಿನಕ್ಕೆ ಅದು ನಿಲ್ಲುತ್ತಿತ್ತು.

ಆ ಯಂತ್ರ ಮಾಡುತ್ತಿದ್ದುದೇನು ಅಂತ ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಅವರು ಮುಚ್ಚಿಟ್ಟರೆಂದಲ್ಲ, ನಾನೇ ಬಿಂಕಕ್ಕೆ ಕೇಳಿರಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದೆ.

"ಒಡದ ಕಲ್ಲು ಜೋಡಸ್ತೀವ್ರಿ ಟೀಚರ್ರ" ಅಂದರು.

ಹಂಪಿಯ ಸುತ್ತಮುತ್ತ, ಇತ್ತ ಸಂಡೂರಿನ ತನಕ, ಅತ್ತ ಕಂಪ್ಲಿಯ ತನಕ, ಬಯಲಲ್ಲಿ, ಬದುವಿನಲ್ಲಿ, ಬಾವಿ ಕಟ್ಟೆಯಲ್ಲಿ ಶಾಸನದ ಕಲ್ಲುಗಳ ಚೂರುಗಳಿವೆ. ಒಂದರಲ್ಲಿ ಮೂರು ಅಕ್ಷರ, ಇನ್ನೊಂದರಲ್ಲಿ ಅರ್ಧ ಸೂರ್ಯ. ಅವುಗಳ ಒಡೆದ ಅಂಚಿನ ಫೋಟೋ ತೆಗೆದು, ಯಾವ ಚೂರಿನ ಅಂಚಿಗೆ ಯಾವುದರ ಅಂಚು ಕೂಡುತ್ತದೆ ಅಂತ ಕಂಪ್ಯೂಟರಿನಿಂದ ನೋಡಿಸುವುದು. ದೂರದ ಒಂದು ವಿಶ್ವವಿದ್ಯಾಲಯದ ಮೇಷ್ಟ್ರು ಅದಕ್ಕೆ ಬೇಕಾದ ಪ್ರೋಗ್ರಾಂ ಬರೆದಿದ್ದರಂತೆ. ಸರ್ವರ್ ಇಡಲು ಜಾಗ ಸಿಗದೆ ಕೆಲಸ ನಿಂತಿತ್ತಂತೆ. "ನಾ ಇಡ್ತೀನ್ರಿ ಅಂದೆ. ನನ್ನ ಹತ್ರ ಯಂತ್ರ ಇದ್ದು, ಕೆಲಸ ಇರಲಿಲ್ಲ" ಅಂದರು.

ಸಾವಿರ ಚೂರುಗಳಿದ್ದರೆ ನೋಡಬೇಕಾದ ಜೋಡಿಗಳು ಎಷ್ಟು? ನಾನು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಐದು ಲಕ್ಷಕ್ಕೆ ಐನೂರು ಕಡಿಮೆ. ಒಂದು ಪೆಟ್ಟಿಗೆ ಅಷ್ಟನ್ನು ನೋಡಿ ಮುಗಿಸುವಷ್ಟರಲ್ಲಿ ನಾವೆಲ್ಲ ಮಣ್ಣಾಗಿರುತ್ತೇವೆ. ಅದಕ್ಕೆ ಈ ಪೆಟ್ಟಿಗೆ ತಾನು ಜೋಡಿಸುತ್ತಿರಲಿಲ್ಲ, ಹಂಚುತ್ತಿತ್ತು. ಎಲ್ಲೆಲ್ಲೋ ಇರುವ ಜನ, ತಮ್ಮ ಮನೆಯ ಕಂಪ್ಯೂಟರು ಸುಮ್ಮನೆ ಇರುವ ಹೊತ್ತಿನಲ್ಲಿ ಈ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಈ ಪೆಟ್ಟಿಗೆ ಒಬ್ಬೊಬ್ಬರಿಗೆ ಒಂದಿಷ್ಟು ಜೋಡಿ ಕಳಿಸುತ್ತಿತ್ತು, ಉತ್ತರ ತರಿಸಿಕೊಳ್ಳುತ್ತಿತ್ತು. ಪ್ರತಿ ಜೋಡಿಯನ್ನೂ ಗುರುತು ಪರಿಚಯ ಇಲ್ಲದ ಇಬ್ಬರಿಗೆ ಕಳಿಸಬೇಕು. ಇಬ್ಬರ ಉತ್ತರವೂ ಒಂದೇ ಆದರೆ ಖರೆ ಅಂತ ಬರೆದುಕೊಳ್ಳಬೇಕು. ಬೇರೆ ಆದರೆ ಮೂರನೆಯವರಿಗೆ. ಆಗ ನನಗೆ ಬಸ್ ನಿಲ್ದಾಣದ ಗುಟ್ಟು ತಿಳಿಯಿತು. ಯಂತ್ರದಿಂದ ಮನುಷ್ಯ ಕಲಿತನೋ, ಮನುಷ್ಯನ ಗುಣ ನೋಡಿ ಯಂತ್ರ ಅವರ ಪಾಲಿಗೆ ಬಂತೋ ಗೊತ್ತಿಲ್ಲ.

"ಅಲ್ರಿ, ಆ ಜನಕ್ಕ ಇದರಿಂದ ಏನ್ ಸಿಗ್ತೈತಿ?" ಅಂತ ಕೇಳಿದ್ದೆ.

"ಅವರ ಹೆಸರಿನ ಮುಂದ ಅಂಕಿ ಏರತೈತ್ರಿ."

"ಅಂಕಿ ತಗೊಂಡು ಏನ್ ಮಾಡ್ತಾರ?"

"ನಿಮ್ಮ ಹುಡುಗ್ರಿಗೆ ನೂರಕ್ಕ ನೂರು ಕೊಡ್ತಿದ್ರಲ್ರಿ, ಅವರು ಏನ್ ಮಾಡ್ತಿದ್ರು?"

ನಾನು ಎದ್ದು ಚಹಾ ಇಡಲು ಹೋದೆ.

ಆ ಜನರನ್ನು ಅವರು ಒಬ್ಬರನ್ನೂ ಕಂಡವರಲ್ಲ. ಪರದೆಯ ಮೇಲೆ ಬರುವ ನಂಬರು ನೋಡಿ, ಅವರ ಹೊತ್ತುಗೊತ್ತು ನೋಡಿ, ಅವರ ಸಂಸಾರವನ್ನೇ ಊಹಿಸಿಬಿಡುತ್ತಿದ್ದರು. ಒಬ್ಬರು ಭಾನುವಾರ ಮಾತ್ರ ಉತ್ತರ ಕಳಿಸುತ್ತಿದ್ದರು. "ಇದು ಶಾಲಿ ಕಂಪ್ಯೂಟರ್ ಇರಬೇಕ್ರಿ, ರಜಾ ದಿನ ಯಾರೋ ಮಾಸ್ತರು ಬಂದು ಹಚ್ತಾರ" ಅನ್ನುತ್ತಿದ್ದರು. ಚಳಿ ದೇಶದ ಒಬ್ಬರಿದ್ದರು, ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕೆಲಸ. ಯಾಕಿರಬಹುದು ಅಂತ ಇವರಿಗೆ ತಲೆ ಕೆಟ್ಟಿತು. ಕೊನೆಗೆ ಪತ್ರ ಬರೆದು ಕೇಳಿದರು. ಆತ ಉತ್ತರ ಬರೆದ. ಕಂಪ್ಯೂಟರು ಬಿಡುವಿಲ್ಲದೆ ದುಡಿದರೆ ಬಿಸಿಯಾಗುತ್ತದೆ, ಆ ಬಿಸಿಗೆ ತನ್ನ ಸಣ್ಣ ಕೋಣೆ ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ಅದರ ಅಗತ್ಯವಿಲ್ಲ ಅಂತ. ಆ ಪತ್ರ ಓದಿ ಹೇಳುವಾಗ ಇವರು ಒದ್ದೆ ಗೋಣಿಚೀಲವನ್ನು ಕಿಟಕಿಗೆ ಕಟ್ಟುತ್ತಿದ್ದರು, ನಮ್ಮ ಬಿಸಿಲಿಗೆ ಸರ್ವರ್ ಕಾದು ನಿಂತುಹೋಗಬಾರದಲ್ಲ. "ನಮ್ಮ ಹಂಪಿ ಕಲ್ಲು ಅವನ ಕೋಣಿ ಬೆಚ್ಚಗ ಮಾಡ್ತೈತಿ ನೋಡ್ರಿ" ಅಂದು ಅರ್ಧ ದಿನ ತಮ್ಮಷ್ಟಕ್ಕೆ ನಗುತ್ತಿದ್ದರು.

ಹೊಸ ಚೂರುಗಳ ಫೋಟೋಕ್ಕೆ ವಾರಕ್ಕೊಮ್ಮೆ ತಾವೇ ಹೋಗುತ್ತಿದ್ದರು. ಒಂದು ಕ್ಯಾಮೆರಾ, ಒಂದು ಅಡಿಪಟ್ಟಿ, ಒರೆಸುವ ಬಟ್ಟೆ, ಬುತ್ತಿ. ಹಂಪಿಗೆ ನೂರು ಸಲ ಹೋಗಿದ್ದರೂ ದೊಡ್ಡ ಗುಡಿಗಳ ವಿಷಯ ಕೇಳಿದರೆ ನೆಟ್ಟಗೆ ಎರಡು ಮಾತು ಬರುತ್ತಿರಲಿಲ್ಲ. ಗುಡಿಯ ಹಿಂದಿನ ರಾಶಿಕಲ್ಲು ಮಾತ್ರ ಅಂಗೈ ಗೆರೆಯಷ್ಟು ಪರಿಚಯ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ, ಚೋರನೂರಿನ ಕಡೆಗೆ. ಒಂದು ಹೊಲದ ಗುಡಿಸಲ ಮುಂದೆ ನೀರಿನ ಕೊಡ ಇಟ್ಟಿದ್ದ ಕಲ್ಲೇ ಶಾಸನದ ಚೂರು. ಆ ಹೊಲದ ಒಡತಿ, ಒಬ್ಬ ಅಜ್ಜಿ, ಅಲ್ಲಿದ್ದಳು. ಇವರು ಕೊಡ ಇಳಿಸಿ, ಕಲ್ಲು ಮಗುಚಿ, ನಾಲ್ಕೂ ಅಂಚಿನ ಫೋಟೋ ತೆಗೆದು, ಮತ್ತೆ ಮೊದಲು ಹೇಗಿತ್ತೋ ಹಾಗೇ ಇಟ್ಟು, ಕೊಡವನ್ನೂ ಅದರ ತೇವದ ಗುರುತಿನ ಮೇಲೇ ಇಟ್ಟರು.

"ಅದರಾಗ ಏನೈತೋ ಯಪ್ಪಾ, ಎಲ್ಡು ಅಕ್ಷರ. ಉಳಿದದ್ದು ಎಲ್ಲಿ ಬಿದ್ದೈತೋ" ಅಂದಳು ಅಜ್ಜಿ.

"ಅದನ್ನ ಹುಡುಕಾಕ ಹತ್ತೀವವ್ವ."

"ಸಿಕ್ರ ಬಂದು ಹೇಳು. ನಮ್ಮತ್ತಿ ಕಾಲದಿಂದ ಕೊಡ ಇಟ್ಟೀವಿ, ಏನ್ ಬರದೈತಿ ಅಂತ ನನಗೂ ಗೊತ್ತಾಗ್ಲಿ."

ಅವರು ನೋಟ್‌ಬುಕ್ಕು ತೆಗೆದು, ಅಜ್ಜಿಯ ಹೆಸರು ಬರೆದು, ಪಕ್ಕದಲ್ಲಿ 'ಸಿಕ್ಕರೆ ಹೇಳಬೇಕು' ಅಂತ ಬರೆದುಕೊಂಡರು. ಅಂಥ ಹೆಸರುಗಳು ಆ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಇದ್ದವು. ನಾಲ್ಕು ವರ್ಷ ದುಡಿದು ಕೂಡಿಟ್ಟ ಉತ್ತರಗಳೆಲ್ಲ ಆ ಪೆಟ್ಟಿಗೆಯಲ್ಲಿ ಇದ್ದವು.

ಇನ್ನು ನನ್ನ ಘನಕಾರ್ಯದ ವಿಷಯಕ್ಕೆ ಬರುತ್ತೇನೆ. ಹೇಳಲು ಈಗಲೂ ನಾಚಿಕೆ.

ಮಹಾನವಮಿಯ ದಿನ ಅವರು ಸರ್ವರಿಗೆ ರಜೆ ಕೊಡುತ್ತಿದ್ದರು. ಹಿಂದಿನ ದಿನವೇ ಎಲ್ಲ ಕಂಪ್ಯೂಟರುಗಳಿಗೂ ಸೂಚನೆ ಹೋಗುತ್ತಿತ್ತು, ನಾಳೆ ನಮ್ಮ ಯಂತ್ರಕ್ಕೆ ಹಬ್ಬ, ಕೆಲಸ ಸಿಗುವುದಿಲ್ಲ ಅಂತ. ಪೆಟ್ಟಿಗೆ ಒರೆಸಿ, ಹಣೆಯಂಥ ಜಾಗದಲ್ಲಿ ಒಂದು ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದರೆ ಅವರ ಪೂಜೆ ಮುಗಿಯಿತು. ಆ ವರ್ಷ ಅವರ ಅಣ್ಣನಿಗೆ ಆರಾಮಿರಲಿಲ್ಲ, ಗಿರಣಿಯ ಪೂಜೆಗೆ ಇವರೇ ಹೋಗಬೇಕಾಯಿತು. ಬೆಳಿಗ್ಗೆ ಯಂತ್ರ ನಿಲ್ಲಿಸಿ, ಕೀಲಿ ನನ್ನ ಕೈಗೆ ಕೊಟ್ಟು, "ಈ ಸಲ ನೀವ ಪೂಜಿ ಮಾಡಿಬಿಡ್ರಿ ಟೀಚರ್ರ, ಮುಂದ ಒಂದು ಕುಂಕುಮ ಇಟ್ರ ಸಾಕು" ಅಂದು ಕಂಪ್ಲಿಗೆ ಹೋದರು.

ಸಾಕು ಅಂದರೆ ನನಗೆ ಸಾಕಾಗಬೇಕಲ್ಲ! ನನ್ನ ತವರು ಸಂಡೂರು, ಅಪ್ಪನದು ಕಿರಾಣಿ ಅಂಗಡಿ. ಮಹಾನವಮಿಗೆ ಅಪ್ಪ ತಕ್ಕಡಿಗೆ ಒಂದು ಹೂವು ಏರಿಸಿ ಮುಗಿಸುವವರಲ್ಲ. ತೂಕದ ಕಲ್ಲುಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಕಾಲು ಸೇರಿನ ಕಲ್ಲಿಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಿದ್ದರು. ದುಡಿಯುವುದು ಕಲ್ಲು, ಅದನ್ನಿಡುವ ಪೆಟ್ಟಿಗೆಗೆ ಪೂಜೆ ಮಾಡಿದರೆ ಏನು ಬಂತು ಅನ್ನುತ್ತಿದ್ದರು. ಈ ಪೆಟ್ಟಿಗೆಯಲ್ಲಿ ದುಡಿಯುವುದು ಯಾವುದು ಅಂತ ನನಗೆ ಗೊತ್ತಿತ್ತು. ಮುಂಭಾಗದಲ್ಲಿ ಸಾಲಾಗಿ ಎಂಟು ಖಾನೆ, ಖಾನೆಗೊಂದು ಡಿಸ್ಕು. ಕೊಂಡಿ ಒತ್ತಿ ಎಳೆದರೆ ಅಡಿಗೆಮನೆಯ ಮಸಾಲೆ ಡಬ್ಬಿಯ ಬಟ್ಟಲಿನ ಹಾಗೆ ಹೊರಗೆ ಬರುತ್ತದೆ. ಅವರು ತೆಗೆಯುವುದನ್ನು ನೋಡಿದ್ದೆ.

ಎಡಗಡೆಯಿಂದ ಶುರು ಮಾಡಿದೆ. ಅಂಗೈಯಲ್ಲಿ ವಿಭೂತಿ ಗಟ್ಟಿಯನ್ನು ನೀರು ಹಾಕಿ ಕಲಸಿಕೊಂಡೆ. ಒಂದೊಂದನ್ನೇ ತೆಗೆದು ಒರೆಸಿದೆ. ಪ್ರತಿಯೊಂದರ ಮೇಲೆ ನಂಬರು ಬರೆದ ಕಾಗದದ ಚೀಟಿ ಅಂಟಿಸಿದ್ದರು, ಎಣ್ಣೆಜಿಡ್ಡಾಗಿ ಮೂಲೆ ಎದ್ದಿದ್ದವು. ಹಬ್ಬದ ದಿನ ಈ ಹೊಲಸು ಯಾಕೆ ಅಂತ ಕಿತ್ತು ಹಾಕಿದೆ. ಮೂರು ಬೆರಳಿನಲ್ಲಿ ವಿಭೂತಿ ಎಳೆದು ಮಣೆಯ ಮೇಲೆ ಇಡುತ್ತಾ ಹೋದೆ. ಐದನೆಯದು ಒದ್ದೆ ಕೈಯಿಂದ ಜಾರಿತು. ಕಡಪಾ ಕಲ್ಲಿನ ನೆಲದ ಮೇಲೆ ಠಣ್ ಅಂತ ಬಿತ್ತು. ಎತ್ತಿ ನೋಡಿದೆ, ಒಂದು ಗೀರೂ ಇಲ್ಲ. ಬೀಳಿಸಿದ ತಪ್ಪಿಗೆ ಅದಕ್ಕೆ ಮಾತ್ರ ಇನ್ನೊಂದು ಸಲ, ದಪ್ಪಗೆ, ವಿಭೂತಿ ಹಚ್ಚಿದೆ. ಆಮೇಲೆ ಎಂಟನ್ನೂ ಕೈಗೆ ಬಂದಂತೆ ಖಾನೆಗಳಿಗೆ ತುಂಬಿ, ಹಾರ ಹಾಕಿ, ಬೂದುಗುಂಬಳ ಒಡೆದೆ. ಹಜಾರದಲ್ಲಿದ್ದ ನಮ್ಮ ಮನೆಯವರು, "ಏನದು ಬಿದ್ದಿದ್ದು?" ಅಂದರು. "ಏನಿಲ್ಲ, ಬಾಯಿ ಮುಚ್ಚಿಕೊಂಡಿರ್ರಿ" ಅಂದೆ.

ನಾಲ್ಕು ಗಂಟೆಗೆ ಅವರು ಬಂದರು, ಗುಂಡಿ ಒತ್ತಿದರು. ಯಂತ್ರ ಎದ್ದಿತು, ಎರಡು ಸಲ ಕೂಗಿತು, ಎಂಟೂ ಕೆಂಪು ದೀಪ. ಏನೂ ಓದಲೊಲ್ಲದು. ಅವರು ಒಂದು ಡಿಸ್ಕು ಎಳೆದು ವಿಭೂತಿ ನೋಡಿದರು. ಇನ್ನೊಂದು ಎಳೆದರು. ನೆಲದ ಮೇಲೆ ಕೂತುಬಿಟ್ಟರು.

ಎಂಟೂ ಸೇರಿ ಒಂದು ಪುಸ್ತಕವಂತೆ. ಸಾಲುಗಳನ್ನು ಎಂಟಕ್ಕೂ ಹಂಚಿ ಬರೆದಿರುತ್ತದಂತೆ. ಯಾವ ಸಾಲಿನ ಮುಂದೆ ಯಾವುದು ಅಂತ ಆ ಹಳೇ ಯಂತ್ರ ಡಿಸ್ಕು ಕೂತ ಖಾನೆ ನೋಡಿಯೇ ತಿಳಿದುಕೊಳ್ಳುತ್ತದಂತೆ. ನಕಲು ಇಡುತ್ತಿದ್ದ ಎರಡನೇ ಪೆಟ್ಟಿಗೆ ಆ ಬೇಸಿಗೆಯಲ್ಲೇ ಸುಟ್ಟುಹೋಗಿತ್ತು. ಎಂಟು ಮಕ್ಕಳನ್ನು ಒಂದು ಬೆಂಚಿನ ಮೇಲೆ ಎಷ್ಟು ರೀತಿ ಕೂಡಿಸಬಹುದು ಅಂತ ನಾನೇ ವರ್ಷವರ್ಷವೂ ಲೆಕ್ಕ ಕೊಡುತ್ತಿದ್ದೆ. ನಲವತ್ತು ಸಾವಿರದ ಮುನ್ನೂರ ಇಪ್ಪತ್ತು. ಆ ಉತ್ತರ ಅವತ್ತು ಎದೆಗೆ ಗುದ್ದಿತು.

ಅವರು ಬೈಯಲಿಲ್ಲ. ಎಂಟನ್ನೂ ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು ವಿಭೂತಿಯ ಗೆರೆಗಳನ್ನು ಭಾಳ ಹೊತ್ತು ನೋಡಿದರು. "ಟೀಚರ್ರ, ಅಂಗೈಯಾಗ ವಿಭೂತಿ ಒಂದ ಸಲ ಕಲಸಿ ತಗೊಂಡ್ರೋ, ನಡುವ ಮತ್ತ ಕಲಸಿದ್ರೋ?"

"ಒಂದ ಸಲ."

"ಹಂಗಾದ್ರ ಮೊದಲ್ನೇದಕ್ಕ ದಪ್ಪ ಗೆರಿ, ಕಡೀದಕ್ಕ ತೆಳ್ಳಗ. ಕ್ರಮ ಇಲ್ಲೇ ಬರದಿಟ್ಟೀರಲ್ರಿ" ಅಂದು ಮುಖ ಅರಳಿಸಿದರು. ಗೆರೆಯ ದಪ್ಪ ನೋಡಿ ಡಿಸ್ಕುಗಳನ್ನು ಸಾಲಾಗಿ ಇಟ್ಟರು. ನಾನು ಬೀಳಿಸಿದ ಐದನೆಯದು, ಎಲ್ಲಕ್ಕಿಂತ ದಪ್ಪ ಗೆರೆಯದು, ಎಲ್ಲಕ್ಕಿಂತ ಮುಂದೆ ಹೋಗಿ ಕೂತಿತು. ನಾನು ನೋಡುತ್ತ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆ ಕ್ರಮದಲ್ಲಿ ಹಾಕಿದರು. ಏನೂ ಬರೆಯದಂತೆ, ಬರೀ ಓದುವಂತೆ ಕಟ್ಟು ಮಾಡಿ ಯಂತ್ರ ನಡೆಸಿದರು. ಅಕ್ಷರ ಅಕ್ಷರ ಕೂಡದ ಕಸ ಬಂತು. ಸ್ಕ್ರೂಡ್ರೈವರ್ ಕಿವಿಗಿಟ್ಟು ಒಂದೊಂದನ್ನೂ ಕೇಳಿದರು. ಮೊದಲನೇ ಖಾನೆಯ ಹತ್ತಿರ ನಿಂತು, ಮತ್ತೆ ಕೇಳಿದರು. "ಇದು ಬ್ಯಾರೆ ಥರಾ ಅಂತೈತಿ. ಏನಾರ ಬಿತ್ತೇನ್ರಿ?"

"ಇಲ್ರಿ" ಅಂದೆ.

ಅವರು ಹಜಾರಕ್ಕೆ ಹೋಗಿ ನಮ್ಮ ಮನೆಯವರನ್ನು ಕೇಳಿದರು. "ಮುಂಜಾನಿ ಏನಾರ ಬಿದ್ದ ಸಪ್ಪಳ ಕೇಳಿತೇನ್ರಿ ಸರ್ರ?" ನಮ್ಮ ಮನೆಯವರು ನನ್ನ ಮುಖ ನೋಡಿದರು. "ಇಲ್ಲಲ್ರಿ" ಅಂದರು.

ಇಬ್ಬರ ಉತ್ತರವೂ ಒಂದೇ. ಅವರು ತಲೆಯಾಡಿಸಿ ಕೋಣೆಗೆ ಹೋದರು.

ಮಾರನೇ ದಿನ ವಿಜಯದಶಮಿ. ಅವರು ಬೆಳಿಗ್ಗೆಯಿಂದ ಒಂದೊಂದೇ ಕ್ರಮ ಹಾಕಿ ನೋಡುತ್ತಿದ್ದರು. ತಿಂಡಿ ಕಳಿಸಿದೆ, ತಟ್ಟೆ ಹಾಗೇ ಬಂತು. ಮಧ್ಯಾಹ್ನ ಒಮ್ಮೆ ಇಣುಕಿದೆ. ನೋಟ್‌ಬುಕ್ಕು ಮುಂದಿಟ್ಟುಕೊಂಡು, ಅದರಲ್ಲಿದ್ದ ಹೆಸರುಗಳನ್ನು ಓದುತ್ತಿದ್ದರು. ನನ್ನನ್ನು ನೋಡಿ, "ಚೋರನೂರು ಅಜ್ಜಿ ಕಲ್ಲು ಒಂದಕ್ಕ ಕೂಡ್ತೈತಿ ಅಂತ ಒಬ್ಬನ ಉತ್ತರ ಬಂದಿತ್ತು, ಇನ್ನೊಬ್ಬಂದು ಬರಬೇಕಿತ್ತು" ಅಂದರು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕಿಟಕಿಯ ಗಾಜು ಒಡೆದು ಮುಚ್ಚಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ತಪ್ಪು ಮಾಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ಶಿಕ್ಷೆ ಅಂತ ಎಷ್ಟು ಸಾವಿರ ಸಲ ಹೇಳಿದ್ದೇನೋ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಸಂಜೆ ಬನ್ನಿ ಕೊಡುವ ಹೊತ್ತು. ಓಣಿಯ ಜನ ಮನೆಮನೆಗೆ ಬಂದು ಬನ್ನಿ ಎಲೆ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅನ್ನುತ್ತಿದ್ದರು. ವರ್ಷದ ಜಗಳಗಳೆಲ್ಲ ಆ ಎಲೆಯೊಂದಿಗೆ ತೀರಬೇಕು ಅನ್ನುವುದು ನಮ್ಮ ಕಡೆ ರೂಢಿ. ನಾನೂ ಎಲೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದೆ. ಅವರು ಎದ್ದು ನಿಂತು ಕೈ ಚಾಚಿದರು. ಕೊಡಲು ಕೈ ಬರಲಿಲ್ಲ.

"ಐದನೇದು ಬಿತ್ರಿ. ನಾನ ಬೀಳಿಸಿದೆ. ಅದಕ್ಕ ಎರಡು ಸಲ ಹಚ್ಚೀನಿ, ಅದಕ್ಕ ದಪ್ಪ ಐತಿ" ಅಂದೆ. ಅಳು ಬಂತು.

ಅವರು ನನ್ನ ಮುಖವನ್ನೇ ನೋಡಿದರು. ಮೊದಲು ನನ್ನ ಕೈಯಿಂದ ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಕುಂದ್ರಿ" ಅಂದರು. "ಬಿದ್ದಿದ್ದಕ್ಕ ಏನೂ ಆಗಂಗಿಲ್ರಿ ಟೀಚರ್ರ. ಎಂಟರಾಗ ಒಂದು ಹೋದ್ರ, ಉಳಿದ ಏಳು ಕೂಡಿ ಅದರಾಗ ಏನಿತ್ತು ಅಂತ ಹೇಳ್ತಾವ. ಎಂದಾರ ಒಂದು ಬೀಳತೈತಿ ಅಂತ ತಿಳಕೊಂಡ ಹಂಗ ಕಟ್ಟೀನಿ. ಯಾವುದು ಬಿದ್ದೈತಿ ಅಂತ ಗೊತ್ತಾಗಬೇಕ್ರಿ, ಅಷ್ಟ. ಗೊತ್ತಾಗಲಿಲ್ಲ ಅಂದ್ರ ಒಳ್ಳೇವು ಏಳೂ ಹಾಳು." ಜೇಬಿನ ಸ್ಕ್ರೂಡ್ರೈವರ್ ಮುಟ್ಟಿ, "ನನ್ನ ಕಿವಿನೂ ನಿನ್ನೆ ಹೇಳಿತ್ತು. ನೀವಿಬ್ಬರೂ ಇಲ್ಲ ಅಂದ್ರಿ, ಕಿವಿಗೆ ಸುಮ್ನಿರು ಅಂದೆ" ಅಂದರು.

ಆ ಡಿಸ್ಕನ್ನು ಪಕ್ಕಕ್ಕಿಟ್ಟರು. ಉಳಿದ ಏಳನ್ನು ಗೆರೆಯ ದಪ್ಪದ ಪ್ರಕಾರ ಇಟ್ಟು, ಐದನೇ ಖಾನೆ ಖಾಲಿ ಬಿಟ್ಟು, ಗುಂಡಿ ಒತ್ತಿದರು. ಏಳು ಹಸಿರು ದೀಪ ಹೊತ್ತಿದವು. ಪರದೆಯ ಮೇಲೆ ಕಲ್ಲಿನ ಚೂರುಗಳ ಪಟ್ಟಿ ಸರಸರನೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರ ಕಡೆ ತಿರುಗಿ, "ಸರ್ರ, ನೀವು ಸಪ್ಪಳ ಕೇಳಿಲ್ಲ ಅಂದಿದ್ರಿ" ಅಂದರು.

"ಹೆಂಡ್ತಿ ಬೀಳಿಸಿದ್ದು ಗಂಡಗ ಕೇಳಂಗಿಲ್ರಿ" ಅಂದರು ನಮ್ಮ ಮನೆಯವರು.

"ಒಂದು ಮನಿಯಾಗಿನ ಎರಡು ಕಂಪ್ಯೂಟರ್ ಒಂದ ಲೆಕ್ಕಂತ ನಮ್ಮ ನಿಯಮದಾಗ ಐತ್ರಿ. ನಾನ ಮರೆತೆ" ಅಂದು ಅವರು ನಕ್ಕರು. ಎರಡು ದಿನದ ಮೇಲೆ ಆ ಮನುಷ್ಯ ನಕ್ಕಿದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಅಜ್ಜಿಯ ಕಲ್ಲಿಗೆ ಎರಡನೆಯವನ ಉತ್ತರ ಆ ವಾರವೇ ಬಂತು, ಕೂಡುವುದಿಲ್ಲ ಅಂತ. ಮೂರನೆಯವನೂ ಅದನ್ನೇ ಹೇಳಿದ. ಅಷ್ಟಕ್ಕೇ ಬಿಡಬಹುದಿತ್ತು. ಅವರು ಬಸ್ ಹಿಡಿದು ಚೋರನೂರಿಗೆ ಹೋಗಿ, ಇನ್ನೂ ಸಿಕ್ಕಿಲ್ಲ ಅಂತ ಅಜ್ಜಿಗೆ ಹೇಳಿ ಬಂದರು. ಸಿಗದಿದ್ದುದನ್ನು ಹೇಳಲು ಯಾಕೆ ಹೋಗಬೇಕು ಅಂದರೆ, "ಕಾಯಾಕ ಹತ್ತಿರ್ತಾಳಲ್ರಿ" ಅಂದರು.

ಆಮೇಲೆ ಅವರು ನನಗೆ ಆ ಯಂತ್ರದ ಕೆಲಸ ಒಂದೊಂದಾಗಿ ತೋರಿಸತೊಡಗಿದರು. ಬ್ಯಾಟರಿ ನೋಡುವುದು, ದೀಪದ ಬಣ್ಣ ನೋಡುವುದು, ಕೆಟ್ಟ ಡಿಸ್ಕು ಬದಲಿಸುವುದು. ತಾವು ಊರೂರು ತಿರುಗುವಾಗ ಯಾರಾದರೂ ಬೇಕಲ್ಲ, ಅದಕ್ಕೆ ಅಂತ ನಾನು ತಿಳಿದುಕೊಂಡೆ. ಡಿಸ್ಕುಗಳಿಗೆ ಈಗ ಎಣ್ಣೆ ಬಣ್ಣದಲ್ಲಿ ನಂಬರು ಬರೆದಿದ್ದರು.

ಈ ವರ್ಷ ಶ್ರಾವಣದಲ್ಲಿ ಅಣ್ಣನ ಮನೆಗೆ ಅಂತ ಕಂಪ್ಲಿಗೆ ಹೋದವರು, ಅಲ್ಲಿ ಊಟವಾದ ಮೇಲೆ ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟುವುದರೊಳಗೆ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಸಂಜೆ ಹಿಂದಿನ ಕೋಣೆಯಲ್ಲಿ ಸರ್ವರ್ ತನ್ನ ಪಾಡಿಗೆ ಓಡುತ್ತಿತ್ತು. ಅದನ್ನು ಕೇಳಿ ನಾನು ನನ್ನ ಅಪ್ಪ ಸತ್ತಾಗಲೂ ಅಳದಷ್ಟು ಅತ್ತೆ. ನಮ್ಮ ಮನೆಯವರು ಗಾಬರಿಯಾಗಿ ನೀರು ತಂದುಕೊಟ್ಟರು.

ಹದಿನೈದು ದಿನಕ್ಕೆ ವಿಶ್ವವಿದ್ಯಾಲಯದ ಆ ಮೇಷ್ಟ್ರ ಫೋನು ಬಂತು. ಮೈಸೂರು ಕಡೆಯ ಮಾತು. ಸಮಾಧಾನ ಹೇಳಿದರು. ಆಮೇಲೆ, "ಈಗ ಯಂತ್ರ ನಡೆಸಬೇಕೋ ನಿಲ್ಲಿಸಬೇಕೋ ನೀವೇ ಹೇಳಬೇಕು ಮೇಡಂ" ಅಂದರು.

"ನಾನ್ಯಾಕ್ರಿ ಹೇಳಬೇಕು? ನಾನು ಮನಿ ಮಾಲಕಿ ಅಷ್ಟ" ಅಂದೆ.

"ನೋಡಿಕೊಳ್ಳುವವರು ಇಲ್ಲದಾಗ ಎರಡನೆಯ ಜವಾಬ್ದಾರರು ಯಾರು ಅಂತ ಅರ್ಜಿಯಲ್ಲಿ ಒಂದು ಜಾಗ ಇದೆ. ಅವರು ನಾಲ್ಕು ವರ್ಷ ಅದನ್ನು ಖಾಲಿ ಬಿಟ್ಟಿದ್ದರು. ಕೇಳಿದಾಗಲೆಲ್ಲ ಯಾರೂ ಸಿಕ್ಕಿಲ್ಲ ಅನ್ನುತ್ತಿದ್ದರು. ಆಮೇಲೆ ನಿಮ್ಮ ಹೆಸರು ಬರೆದು ಕಳಿಸಿದರು."

"ಯಾವಾಗ್ರಿ?"

"ವಿಜಯದಶಮಿ ದಿನ ಸಂಜೆ. ಹಬ್ಬದ ದಿನವೂ ಕಳಿಸಿದ್ದಾರಲ್ಲ ಅಂತ ನನಗೆ ಚೆನ್ನಾಗಿ ನೆನಪಿದೆ."

ಅದರ ಹಿಂದಿನ ದಿನವೇ ನಾನು ಅವರ ಯಂತ್ರ ಹಾಳು ಮಾಡಿದ್ದೆ, ತಪ್ಪಿ ಬರೆದಿರಬೇಕು ಅಂದೆ. ಮೇಷ್ಟ್ರು ಕಾಗದ ಹುಡುಕಿದ ಸದ್ದು ಕೇಳಿತು. "ತಪ್ಪೇನೂ ಇಲ್ಲ ಮೇಡಂ. ಅರ್ಹತೆ ಅನ್ನುವ ಕಡೆಯಲ್ಲೂ ಬರೆದಿದ್ದಾರೆ, ಓದುತ್ತೇನೆ. 'ಬೀಳಿಸಿದರೆ ಹೇಳುತ್ತಾರೆ. ಒಂದು ದಿನ ತಡ.'"

ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಿಂತೆ. ಆ ಕಡೆಯಿಂದ ಅವರು, "ಹಲೋ, ಮೇಡಂ, ಇದ್ದೀರಾ?" ಅನ್ನುತ್ತಿದ್ದರು.

"ಅದೀನ್ರಿ" ಅಂದೆ.